ಚಾಕಿ ಕೋಣೆಯ ಪಾಡ್‌ಕಾಸ್ಟ್

ಮಾಂಬಳ್ಳಿಯ ನನ್ನ ತಂಗಿಯ ಮನೆಗೆ ಹಿತ್ತಲ ಕಡೆ ಅಂಟಿಕೊಂಡಂತೆ ಒಂದು ಕೋಣೆ ಇದೆ. ಒಂದು ಬಾಗಿಲು, ಒಂದು ಸಣ್ಣ ಕಿಟಕಿ, ಸುಣ್ಣ ಹೊಡೆದ ಗೋಡೆ. ಮೊದಲೆಲ್ಲ ಮೊಟ್ಟೆಯೊಡೆದು ಬಂದ ರೇಷ್ಮೆಯ ಎಳೆ ಹುಳುಗಳನ್ನು ಅದರಲ್ಲಿ ಸಾಕುತ್ತಿದ್ದರು. ಎಳೆ ಹುಳುವಿಗೆ ಚಾಕಿ ಎನ್ನುವುದರಿಂದ ಅದು ಚಾಕಿ ಕೋಣೆ. ಈಗ ನಮ್ಮ ಕಡೆ ಚಾಕಿ ಕೇಂದ್ರದವರೇ ಎಳೆ ಹುಳು ಸಾಕಿ, ಸ್ವಲ್ಪ ಬೆಳೆದ ಮೇಲೆ ರೈತರಿಗೆ ಕೊಡುತ್ತಾರೆ. ಬೆಳೆದ ಹುಳುವಿಗೆ ತೋಟದಲ್ಲಿ ದೊಡ್ಡ ಶೆಡ್ಡು ಬಂತು. ಹೀಗಾಗಿ ಕೋಣೆ ಖಾಲಿ ಬಿದ್ದು, ಹಳೆಯ ಬಿದಿರಿನ ತಟ್ಟೆಗಳು, ಕೆಟ್ಟ ಸ್ಪ್ರೇಯರು ಮತ್ತು ಮೊಟ್ಟೆಯಿಡಲು ಜಾಗ ಹುಡುಕುವ ಒಂದು ಕೋಳಿಯ ಪಾಲಾಗಿತ್ತು.

ಅಲ್ಲಿ ಪಾಡ್‌ಕಾಸ್ಟ್ ಮಾಡಬಹುದು ಎಂದು ಮೊದಲು ಹೇಳಿದವನು ನಾನು.

ನಾನು ಕೊಳ್ಳೇಗಾಲದಲ್ಲಿದ್ದೇನೆ. ರೇಷ್ಮೆ ಇಲಾಖೆಯ ನೌಕರಿಯುದ್ದಕ್ಕೂ ಕೊಳ್ಳೇಗಾಲ, ಹನೂರು, ಯಳಂದೂರು ಸುತ್ತಿನ ಹಳ್ಳಿಗಳ ಹುಳುಮನೆಗಳಿಗೆ ಹೋಗಿ ಶುಚಿ, ಶಾಖ, ಹುಳುವಿನ ಮೇವಾದ ಹಿಪ್ಪುನೇರಳೆ ಸೊಪ್ಪು ಎಂದು ಹೇಳಿಕೊಂಡು ತಿರುಗಿದ್ದಾಯಿತು. ಓದುವ ದಿನಗಳಲ್ಲಿ ಹಾಸ್ಟೆಲಿನ ಗಂಟೆಗೆ ಎದ್ದು, ಗಂಟೆಗೆ ಉಂಡು ಬೆಳೆದದ್ದರಿಂದ ನಿವೃತ್ತಿಯ ಮೇಲೂ ಬೆಳಗಿನ ನಡಿಗೆ ತಪ್ಪಲಿಲ್ಲ. ಆ ನಡಿಗೆಯಲ್ಲಿ ಪಾಡ್‌ಕಾಸ್ಟ್ ಕೇಳುವ ರೂಢಿ ಹತ್ತಿತು. ರೇಡಿಯೋ ಕಾರ್ಯಕ್ರಮದಂಥದ್ದೇ, ಆದರೆ ನಮಗೆ ಬೇಕಾದಾಗ ಫೋನಿನಲ್ಲಿ ಕೇಳಬಹುದು. ಕೇಳುತ್ತ ಕೇಳುತ್ತ, ಇವರೆಲ್ಲರಿಗಿಂತ ನನ್ನ ತಂಗಿ ಚೆನ್ನಾಗಿ ಮಾತಾಡುತ್ತಾಳಲ್ಲ ಅನ್ನಿಸಿತು.

ಅವಳು ಮಾತಿಗೆ ಕೂತರೆ ಮದುವೆಮನೆಯ ಒಲೆ ಮುಂದಿನವರೂ ಸೌಟು ಹಿಡಿದು ನಿಂತು ಕೇಳುತ್ತಾರೆ. ಮನೆಯಲ್ಲಿ ಮಾತ್ರ ಆ ಭಾಗ್ಯ ಇಲ್ಲ. ರೇಷ್ಮೆ ಸಾಕುವ ಮನೆಯಲ್ಲಿ ಯಾವ ಮಾತೂ ಪೂರ್ತಿಯಾಗುವುದಿಲ್ಲ. ನಡುವೆ ಯಾರಾದರೂ "ಸೊಪ್ಪಿನ ಹೊತ್ತಾಯ್ತು" ಎಂದು ಎದ್ದೇ ಏಳುತ್ತಾರೆ.

ಪಾಡ್‌ಕಾಸ್ಟ್ ಎಂದರೇನು ಎಂದು ವಿವರಿಸಿದಾಗ ಅವಳು ಕೇಳಿದ್ದು ಒಂದೇ: "ನಾನ್ ಸುರು ಮಾಡಿದ್ ಮಾತ್ನ ನಾನೇ ಮುಗ್ಸಬೋದಾ? ನಡುವ್ಗೆ ಯಾರೂ ಎದ್ದೋಗಲ್ವಾ?"

"ಎದ್ದುಹೋದರೂ ನಿನಗೆ ಕಾಣುವುದಿಲ್ಲ."

"ಅಂಗಾದ್ರೆ ಮಾಡ್ತೀನಿ ಕನಣ್ಣ. ಒಂದ್ ಮಾತ ಪೂರ್ತಿ ಆಡಿ ಎಷ್ಟು ವರ್ಸ ಆಯ್ತೋ!"

ನಗುತ್ತಲೇ ಹೇಳಿದಳು. ಆದರೆ ಕೋಣೆ ಕೇಳಲು ಗಂಡನ ಮುಂದೆ ಹೋಗುವಾಗ ಸೆರಗನ್ನು ಎರಡು ಸಲ ಸರಿಮಾಡಿಕೊಂಡಳು. ತವರಿನಿಂದ ಬಂದಾಗಿನಿಂದ ಅವಳು ಆ ಮನೆಯಲ್ಲಿ ತನಗೆಂದು ಏನನ್ನೂ ಕೇಳಿದ್ದು ನಾನು ನೋಡಿರಲಿಲ್ಲ.

ತಂಗಿಯ ಗಂಡನನ್ನು ನಾನು ಭಾವ ಎನ್ನುತ್ತೇನೆ, ಅವರೂ ನನ್ನನ್ನು ಭಾವ ಎಂದೇ ಕರೆಯುತ್ತಾರೆ. ಆ ಹೊತ್ತಿಗೆ ಜಗಲಿಯ ಮೇಲೆ ಕೂತು ಕುಡುಗೋಲು ಮಸೆಯುತ್ತಿದ್ದರು.

"ರೇಡಿಯಾನಾ? ಇವ್ಳ ಮಾತ ಯಾರ್ ಕೇಳಾರು ಬಾವ? ನಾನೇನೋ ಮದ್ವೆ ಆದಾಗಿಂದ ಕೇಳ್ತಾ ಇವ್ನಿ, ವಿಧಿ ಇಲ್ದೆ."

"ನೀವೆಲ್ಲಿ ಕೇಳಿದ್ದೀರಿ? ಅರ್ದಕ್ಕೇ ಎದ್ದೋಯ್ತೀರಿ," ಎಂದಳು ತಂಗಿ.

"ಇನ್ನರ್ದ ನಂಗೆ ಗೊತ್ತಿರ್ತದೆ ಕನ." ಕುಡುಗೋಲಿನ ಅಂಚನ್ನು ಹೆಬ್ಬೆರಳಿನಿಂದ ಸವರಿ ನೋಡಿದರು. "ಸರಿ ಬುಡು, ಬ್ಯಾಸ್ಗೆ ಮುಗಿಯೋಗಂಟ ಮಡಿಕಳಿ. ಮಳೆ ಇಡೀತು ಅಂದ್ರೆ ನಂಗೆ ನೆಂದ ಸೊಪ್ಪು ಆರಾಕಾಕೆ ಜಾಗ ಬೇಕು. ಅಷ್ಟೊತ್ಗೆ ನಮ್ಮನೇರ್ನ ಬುಟ್ಟು ಬ್ಯಾರೆ ಜನ ಕೇಳಂಗಾದ್ರೆ ಕೋಣೆ ಇವ್ಳ್ದು. ಇಲ್ದಿದ್ರೆ ಸೊಪ್ಪಿಂದು."

ಹೀಗೆ ಮಳೆಗಾಲದ ತನಕ ನಮಗೆ ಅವಕಾಶ ಸಿಕ್ಕಿತು.

ಮೊದಲ ಕೆಲಸ ಕೋಣೆಯ ಸದ್ದು ಅಡಗಿಸುವುದು. ಪಾಡ್‌ಕಾಸ್ಟ್ ಮಾಡಬೇಕೆಂದಿರುವವರು ಬೇರೇನೂ ಕೊಳ್ಳುವ ಮೊದಲು ಕೋಣೆಯ ನಡುವೆ ನಿಂತು ಜೋರಾಗಿ ಒಂದು ಚಪ್ಪಾಳೆ ತಟ್ಟಬೇಕು. ಗೋಡೆ ಅದನ್ನು ವಾಪಸು ಕೊಟ್ಟರೆ ನಿಮ್ಮ ಮಾತನ್ನೂ ವಾಪಸು ಕೊಡುತ್ತದೆ, ಕೇಳುವವರಿಗೆ ಬಾವಿಯೊಳಗಿಂದ ಯಾರೋ ಕೂಗಿದಂತಾಗುತ್ತದೆ. ಚಾಕಿ ಕೋಣೆ ಮೊದಲ ದಿನ ಚಪ್ಪಾಳೆಯನ್ನು ಬಡ್ಡಿ ಸಮೇತ ಹಿಂತಿರುಗಿಸಿತು. ಹಳೆಯ ಬಿದಿರಿನ ತಟ್ಟೆಗಳನ್ನು ಗೋಡೆಗೆ ಒರಗಿಸಿ, ಮೇಲೆ ಕಂಬಳಿ, ದುಪ್ಪಟಿ, ತಂಗಿಯ ಹಳೆಯ ಸೀರೆಗಳನ್ನು ಇಳಿಬಿಟ್ಟೆವು. ನೆಲಕ್ಕೆ ಗೋಣಿಚೀಲ. ಮತ್ತೆ ತಟ್ಟಿದಾಗ ಚಪ್ಪಾಳೆ ಅಲ್ಲೇ ಸತ್ತಿತು. ದುಡ್ಡು ಕೊಟ್ಟು ಸ್ಪಂಜು ತಂದು ಅಂಟಿಸಿದವರ ಕೋಣೆಗಿಂತ ನಮ್ಮದೇನೂ ಕಡಿಮೆ ಇರಲಿಲ್ಲ. ಕೊಂಡದ್ದು ಅಂಗಿಗೆ ಸಿಕ್ಕಿಸುವ ಪುಟ್ಟ ಮೈಕು ಮಾತ್ರ.

ಮೈಕನ್ನು ಬಾಯಿಯ ನೇರಕ್ಕೆ ಹಿಡಿಯಬಾರದು. ಗೇಣುದೂರದಲ್ಲಿ, ಕೊಂಚ ಪಕ್ಕಕ್ಕಿರಬೇಕು. ಇಲ್ಲದಿದ್ದರೆ ಪಕಾರ ಬಂದಾಗಲೆಲ್ಲ ಗಾಳಿ ಹೊಡೆದು ಪಟಾಕಿ ಸಿಡಿದಂತಾಗುತ್ತದೆ. ಫೋನಿಗೆ ಕರೆ ಬಾರದಂತೆ ಮಾಡಬೇಕು. ನಾವು ಫ್ಯಾನು ಆರಿಸಿದೆವು, ಕುಕ್ಕರ್ ಕೂಗುವ ಹೊತ್ತು ತಪ್ಪಿಸಿದೆವು, ತೋಟದ ಕಡೆ ಕೂಗುವ ನವಿಲಿಗೆ ಮಾತ್ರ ಏನೂ ಮಾಡಲಾಗಲಿಲ್ಲ. ಕೋಳಿಯನ್ನು ಹೊರಹಾಕಿ ಬಾಗಿಲು ಹಾಕಿದರೆ ಅದು ಹೊರಗೆ ನಿಂತು ದೂರು ಹೇಳಿತು. ಮಧ್ಯಾಹ್ನದ ಸೊಪ್ಪು ಹಾಕಿ ಬಂದ ಮೇಲಿನ ಒಂದು ಗಳಿಗೆ ಊರೆಲ್ಲ ಮಂಪರಿನಲ್ಲಿರುತ್ತದೆ. ಅದೇ ನಮ್ಮ ಹೊತ್ತಾಯಿತು.

ನಾನು ಕೊಳ್ಳೇಗಾಲದಿಂದ ಬಸ್ಸಿನಲ್ಲಿ ಬರುವಾಗಲೇ ಭಾಷಣ ಬರೆದು ತಂದಿರುತ್ತಿದ್ದೆ. "ರೇಷ್ಮೆ ಬೆಳೆಗಾರ ಬಾಂಧವರೇ, ಹುಳುಮನೆಯ ಸೋಂಕು ನಿವಾರಣೆಯ ಹಂತಗಳನ್ನು ಈ ಸಂಚಿಕೆಯಲ್ಲಿ ತಿಳಿಯೋಣ." ಅಚ್ಚುಕಟ್ಟಾದ ಬರಹ, ಒಂದು ತಪ್ಪಿಲ್ಲ. ತಂಗಿ ಅದನ್ನು ಅಕ್ಷರಕ್ಷರ ಓದಿದಳು. ಒಲೆ ಮುಂದಿನ ಸೌಟುಗಳನ್ನೆಲ್ಲ ನಿಲ್ಲಿಸುವ ನನ್ನ ತಂಗಿ ಎಲ್ಲಿಗೆ ಹೋದಳೋ ತಿಳಿಯಲಿಲ್ಲ.

ಭಾವ ಜಗಲಿಯಲ್ಲೇ ಕೂತು ರೆಕಾರ್ಡಾದದ್ದನ್ನು ಕೇಳಿದರು. "ಪಂಚಾಯ್ತಿ ಕಸದ್ ಗಾಡೀಲಿ ಬತ್ತದಲ್ಲ ಬಾವ, ಅಸಿ ಕಸ ಒಣ ಕಸ ಅಂತ, ಅಂಗೇ ಅದೆ. ನಮ್ಮ ಜನ ಬಕೆಟ್ ತಕಂಡ್ ಆಚ್ಗೆ ಬಂದಾರು, ಉಸಾರು."

ಫೋನಿನ ಪಾಡ್‌ಕಾಸ್ಟ್ ಆ್ಯಪಿನಲ್ಲಿ ಅಂಥವು ಮೂರು ಸಂಚಿಕೆ ಹೊರಟವು. ಕೇಳಿದವರು ನಾನು, ನನ್ನ ಹೆಂಡತಿ, ನನ್ನ ಜೊತೆ ನಿವೃತ್ತರಾದ ಒಬ್ಬರು. ಅವರೂ ಪೂರ್ತಿ ಕೇಳಲಿಲ್ಲ ಎಂಬುದನ್ನು ಫೋನೇ ತೋರಿಸಿತು.

ನಾಲ್ಕನೆಯ ಸಲ ತಂಗಿ ಕಾಗದವನ್ನು ಮಡಿಸಿ ನನ್ನ ಕೈಗೇ ಕೊಟ್ಟಳು. "ಅಣ್ಣ, ಇದ ಯಾರ್ಗೆ ಏಳ್ತಾ ಇವ್ನಿ ನಾನು?"

"ಎಲ್ಲ ರೇಷ್ಮೆ ಬೆಳೆಗಾರರಿಗೆ."

"ಎಲ್ಲಾರ್ಗೂ ಒಂದೇ ಸಲ ಎಂಗ್ ಏಳೋದು? ನಂಗಾಗಲ್ಲ. ಮುಳ್ಳೂರಲ್ಲಿ ನನ್ ನಾದ್ನಿ ಅವ್ಳಲ್ಲ, ಅವ್ಳಿಗಾದ್ರೆ ಏಳ್ತೀನಿ. ನೀನ್ ಆಚ್ಗೆ ಓಗಿ ಕೋಳಿ ಕಾಯ್ಕ ಓಗು."

ನಾನು ಕೋಳಿ ಕಾಯುತ್ತ ಹೊರಗೆ ನಿಂತೆ. ಒಳಗೆ ಅವಳು ಎದುರಿಗಿಲ್ಲದ ನಾದಿನಿಯೊಂದಿಗೆ ಮಾತಿಗೆ ತೊಡಗಿದಳು. ಹುಳು ಹಣ್ಣಾದಾಗಲೇ ಬರುವ ನೆಂಟರ ಕಥೆ ಅದು. ರೇಷ್ಮೆ ಸಾಕುವವರಿಗೆಲ್ಲ ಗೊತ್ತು: ಹುಳು ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾದ ದಿನ ಅದನ್ನು ಒಂದೊಂದಾಗಿ ಆರಿಸಿ, ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡಬೇಕು. ಮನೆಮಂದಿಗೆಲ್ಲ ಆ ದಿನ ನೀರು ಕುಡಿಯಲೂ ಪುರುಸೊತ್ತಿಲ್ಲ. ಸರಿಯಾಗಿ ಅದೇ ದಿನ ಬಾಗಿಲಲ್ಲಿ ಗಂಡನ ಕಡೆಯ ನೆಂಟರು, "ಸುಮ್ನೆ ನೋಡ್ಕಂಡ್ ಓಗಾಣ ಅಂತ ಬಂದ್ವಿ" ಎಂದು ಚಪ್ಪಲಿ ಬಿಡುತ್ತಾರೆ. ಹುಳು ಆರಿಸುತ್ತಿದ್ದ ಕೈಯಲ್ಲಿ ಮುದ್ದೆ ತಿರುವುವುದು ಹೇಗೆ, ಬಸ್ಸಾರಿಗೆ ಸೊಪ್ಪಿಲ್ಲದಿದ್ದರೆ ಏನು ಮಾಡಬೇಕು, "ನೆಂಟ್ರು ಬಂದವ್ರೆ, ಏನಾರ ಪಾಯ್ಸ ಗೀಯ್ಸ" ಎಂದು ಕಿವಿಯಲ್ಲಿ ಪಿಸುಗುಟ್ಟುವ ಗಂಡನಿಗೆ ಯಾವ ಕೆಲಸ ಹಚ್ಚಬೇಕು, ಎಲ್ಲವೂ ಬಂತು. ಕೊನೆಗೆ ನೆಂಟರ ಕೈಗೇ ತಟ್ಟೆ ಕೊಟ್ಟು ಹುಳು ಆರಿಸಲು ಕೂರಿಸಿದಳಂತೆ. ಅಷ್ಟು ಹೊತ್ತಿಗೆ ಒಳಗೆ ಅವಳೂ ಹೊರಗೆ ನಾನೂ ನಗುತ್ತಿದ್ದೆವು. ನಾನು ನಕ್ಕದ್ದು ಕೂಡ ಸಣ್ಣಗೆ ರೆಕಾರ್ಡಾಗಿದೆ.

ಸಂಚಿಕೆಗೆ "ಹಣ್ಣುಹುಳು ನಿರ್ವಹಣೆ, ಭಾಗ ಒಂದು" ಎಂದು ಹೆಸರಿಡಲು ಹೊರಟಿದ್ದೆ. "ಉಳ ಅಣ್ಣಾದಾಗ ಬರೋ ನೆಂಟ್ರು ಅಂತ್ಲೇ ಆಕು," ಎಂದಳು. ಹಾಗೇ ಹಾಕಿದೆ. ಹೆಸರು ನೋಡಿಯೇ ಒಳಗೇನಿದೆ ಎಂದು ತಿಳಿಯಬೇಕು, ಜೊತೆಗೆ ಕೇಳುವ ಆಸೆಯೂ ಆಗಬೇಕು. ಭಾಗ ಒಂದು ಎಂದು ಕಂಡರೆ ಭಾಗ ಎರಡರ ಭಯವೇ ಮೊದಲು ಹುಟ್ಟುತ್ತದೆ.

ಇದು ಎಲ್ಲರಿಗೂ ತಲುಪಲಿ ಎಂದು ಆ್ಯಪಿನ ಲಿಂಕನ್ನು ಗೊತ್ತಿದ್ದವರಿಗೆಲ್ಲ ಕಳಿಸಿದೆ. ಉತ್ತರಗಳು ಹೀಗಿದ್ದವು: "ಇದ ಒತ್ತುದ್ರೆ ದುಡ್ಡು ಕಟ್ ಆಯ್ತದಾ ಸಾ?" "ಅದೇನೋ ಪಾಸ್‌ವರ್ಡ್ ಕೇಳ್ತದೆ, ನಮ್ಮ ಉಡ್ಗ ಬಂದ್ ಮೇಲೆ ನೋಡ್ತೀನಿ ಸಾ." ಆಮೇಲೆ ಬುದ್ಧಿ ಬಂದು, ಧ್ವನಿಯನ್ನೇ ನೇರ ಊರೂರಿನ ರೈತರ ವಾಟ್ಸಾಪ್ ಗುಂಪುಗಳಿಗೆ ಹಾಕತೊಡಗಿದೆ. ಆ್ಯಪಿನಲ್ಲೂ ಇರಲಿ, ಹುಡುಕಿಕೊಂಡು ಬರುವವರಿಗೆ ಅದೇ ವಿಳಾಸ. ಆದರೆ ಹಳ್ಳಿಯ ಕಿವಿಗೆ ಒಂದೇ ಒತ್ತಿನಲ್ಲಿ ಮಾತು ಕೇಳಬೇಕು. ಇದರಿಂದಾದ ನಷ್ಟವೆಂದರೆ, ವಾಟ್ಸಾಪಿನಲ್ಲಿ ಕೈದಾಟಿ ಹೋದದ್ದನ್ನು ಎಷ್ಟು ಜನ ಕೇಳಿದರು ಎಂದು ಲೆಕ್ಕ ಸಿಗುವುದಿಲ್ಲ. ಭಾವನಿಗೆ ತೋರಿಸಲು ನಮ್ಮ ಬಳಿ ಪುರಾವೆ ಇಲ್ಲವಾಯಿತು.

"ಎಷ್ಟ್ ಜನ ಆದ್ರು ಬಾವ?" ಎಂದು ನಾನು ಬಸ್ಸಿಳಿದಾಗಲೆಲ್ಲ ಭಾವ ಕೇಳುವರು. "ಮೋಡ ಕಟ್ತಾ ಅದೆ, ನೋಡ್ಕಳಿ."

ಒಬ್ಬರೇ ಮಾತಾಡಿದರೆ ಸಾಲದು, ಬೇರೆ ರೈತರನ್ನೂ ಮಾತಾಡಿಸೋಣ ಎಂದು ಮುಳ್ಳೂರಿಗೆ ಹೋದೆವು. ಆ ಊರಿನ ಒಬ್ಬರು ರೇಷ್ಮೆಯಲ್ಲಿ ಒಳ್ಳೆಯ ಬೆಳೆ ತೆಗೆಯುವವರು, ನೌಕರಿಯ ದಿನಗಳಿಂದ ನನಗೆ ಪರಿಚಿತರು. ಮೈಕು ಸಿಕ್ಕಿಸಿ ಕೇಳಿದೆ, "ನಿಮ್ಮ ಬೆಳೆ ಇಷ್ಟು ಚೆನ್ನಾಗಿ ಬರಲು ಕಾರಣವೇನು?"

"ಎಲ್ ಸಾ ಚೆನ್ನಾಗದೆ? ಏನೋ ಅವೆ."

"ಈ ಸಲ ಹುಳು ಹೇಗಿವೆ?"

"ಆಗೋದಾಯ್ತದೆ ಸಾ. ನಮ್ ಕೈಲೇನದೆ?"

"ಕಳೆದ ಬೆಳೆಯಲ್ಲಿ ಗೂಡು ಬಹಳ ಗಟ್ಟಿ ಬಂದಿತ್ತಂತೆ?"

"ಅಯ್ಯೋ, ಯಾರ್ ಸಾ ಅಂಗಂದೋರು?" ಎಂದು ಗಾಬರಿಯಿಂದ ಬಾಗಿಲ ಕಡೆ ನೋಡಿದರು. ಒಳಗಿನಿಂದ ಅವರ ಹೆಂಡತಿ ಕಾಫಿ ತಂದಿಟ್ಟು, "ಸಾಧಾರಣ ಅಷ್ಟೇ ಕನ ಸಾ," ಎಂದು ತಾವೂ ಒಂದು ಸೇರಿಸಿ ಹೋದರು.

ತೋಟದ ಶೆಡ್ಡಿನಲ್ಲಿ ಹುಳು ಬೆಳೆಯುತ್ತಿರುವಾಗ ಅದು ಚೆನ್ನಾಗಿದೆ ಎಂದು ಯಾರಾದರೂ ಬಾಯಿಬಿಟ್ಟು ಹೇಳುತ್ತಾರೆಯೇ? ದೃಷ್ಟಿಯಾದರೆ? ಅದರಲ್ಲೂ ಊರೂರಿಗೆ ಕೇಳಿಸುವ ಮೈಕಿನಲ್ಲಿ! ಅಷ್ಟು ವರ್ಷ ಹುಳುಮನೆಗಳನ್ನು ಸುತ್ತಿದವನು ನಾನು, ಕೈಗೆ ಮೈಕು ಬಂದ ಕೂಡಲೇ ಪೇಟೆಯವರ ಪಾಡ್‌ಕಾಸ್ಟಿನಂತೆ ಯಶಸ್ಸಿನ ಗುಟ್ಟು ಕೇಳುತ್ತ ಕೂತಿದ್ದೆ. ತಂಗಿ ಕಾಫಿ ಲೋಟ ಕೆಳಗಿಟ್ಟಳು.

"ಅದಿರ್ಲಿ ಬುಡಣ್ಣ. ಯಾವಾಗ್ಲಾದ್ರೂ ಬೆಳೆ ಪೂರ್ತಿ ಓಗಿದ್ದು ಉಂಟಾ?"

ಅವರು ಅಷ್ಟಕ್ಕೇ ಕಾದಿದ್ದವರಂತೆ ಕಾಲು ಮಡಿಸಿ ಕೂತರು. "ಅಯ್ಯೋ ಅದ ಏನ್ ಕೇಳೀಯವ್ವ! ಒಂದ್ ಸಲ ಒದ್ದೆ ಸೊಪ್ಪ್ ಆಕ್‌ಬುಟ್ಟು..." ಎಂದು ಶುರುವಾದದ್ದು ನಿಲ್ಲಲಿಲ್ಲ. ಯಾವ ಸೊಪ್ಪು, ಯಾವ ಮೋಡ, ಹುಳು ಹೇಗೆ ಸೊರಗಿತು, ಯಾರ ಮಾತು ಕೇಳಿ ಕೆಟ್ಟರು, ಆಮೇಲೆ ಏನು ಬದಲಿಸಿದರು. ನಾನು ಕೇಳಬೇಕೆಂದಿದ್ದ ಗುಟ್ಟುಗಳೆಲ್ಲ ಅದರೊಳಗೇ ಹೊರಬಂದವು. ನಡುವೆ ಹೆಂಡತಿಯೂ ಬಂದು ಕೂತು, "ಅಂಗಲ್ಲ ಕನವ್ವ, ನಾನ್ ಬ್ಯಾಡ ಅಂದೆ, ಇವ್ರು ಕೇಳ್ನಿಲ್ಲ," ಎಂದು ಗಂಡನ ಕಥೆಯನ್ನು ತಿದ್ದಿದರು. ಅಂದಿನಿಂದ ಯಾರ ಮನೆಗೆ ಹೋದರೂ ನಾವು ಮೊದಲು ಕೇಳುವುದು ಕೆಟ್ಟ ಬೆಳೆಯ ವಿಷಯ.

ಅದನ್ನು ಕತ್ತರಿಸಿ ಜೋಡಿಸುವ ಕೆಲಸ ನನ್ನದು. ಎಲ್ಲಿ ಕತ್ತರಿಸಬೇಕೆಂದು ಗೊತ್ತಾಗದಿದ್ದರೆ ಮೊದಲ ತುಣುಕನ್ನೇ ಕತ್ತರಿಸಿ. ನಮಸ್ಕಾರ, ಕುಶಲ, ಮೈಕು ಸರಿಯಿದೆಯೇ, ಕಾಫಿ ತಗೊಳ್ಳಿ ಎನ್ನುವುದೆಲ್ಲ ಅಲ್ಲಿರುತ್ತದೆ. ನಾವು "ಒಂದ್ ಸಲ ಒದ್ದೆ ಸೊಪ್ಪ್ ಆಕ್‌ಬುಟ್ಟು" ಎಂಬಲ್ಲಿಂದಲೇ ಶುರು ಮಾಡಿದೆವು. ಉದ್ದ ಎಷ್ಟಿರಬೇಕೆಂದು ಬಹಳ ಯೋಚಿಸಿ, ಒಂದು ಶೆಡ್ಡಿಗೆ ಸೊಪ್ಪು ಹಾಕಿ ಮುಗಿಯುವಷ್ಟು ಎಂದು ಗೊತ್ತುಮಾಡಿದೆ.

ಸೊಪ್ಪು ಹಾಕುವ ಹೆಂಗಸರೇ ನಮ್ಮ ಕೇಳುಗರು. ಎರಡೂ ಕೈಗೆ ಕೆಲಸ, ಕಿವಿ ಖಾಲಿ. ಇದು ಗೊತ್ತಿದ್ದೂ ನಾನು ಬಹಳ ದಿನ ಸೋಮವಾರ ಬೆಳಿಗ್ಗೆಯೇ ಸಂಚಿಕೆ ಕಳಿಸುವ ವೇಳಾಪಟ್ಟಿಯನ್ನು ಬಿಡಲಿಲ್ಲ. ದಿನ ತಪ್ಪಬಾರದು ಎಂದು ಪಾಡ್‌ಕಾಸ್ಟ್ ಬಲ್ಲವರೆಲ್ಲ ಹೇಳುತ್ತಾರೆ, ನನಗಂತೂ ಹೇಳಬೇಕಾಗಿಯೂ ಇರಲಿಲ್ಲ. ಆದರೆ ಒಂದು ಸೋಮವಾರ ಗುಂಪಿನಲ್ಲಿ ನಗುವಿನ ಚಿತ್ರಗಳ ಮಳೆ, ಮುಂದಿನ ಸೋಮವಾರ ಸದ್ದೇ ಇಲ್ಲ. ಮಾತು ಕೆಟ್ಟಿತೇ, ಹೆಸರು ಕೆಟ್ಟಿತೇ ಎಂದು ತಲೆ ಕೆಡಿಸಿಕೊಂಡು ತಂಗಿಗೆ ಫೋನು ಮಾಡಿದೆ.

"ಅಲ್ಲಣ್ಣ, ಮಾಂಬಳ್ಳೀಲಿ ಉಳ ಜ್ವರಕ್ ಕುಂತವೆ. ಯಾರ್ ಕೇಳಾರು?"

ಹುಳು ಪೊರೆ ಬಿಡುವ ಮೊದಲು ಸೊಪ್ಪು ಬಿಟ್ಟು, ತಲೆಯೆತ್ತಿ ಅಲುಗದೆ ಕೂರುತ್ತದೆ. ಅದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಜ್ವರದಲ್ಲಿ ಸೊಪ್ಪು ಹಾಕುವ ಹಾಗಿಲ್ಲ. ಹೆಂಗಸರು ಆ ದಿನ ಬಟ್ಟೆ ಒಗೆದು, ಸಂತೆಗೋ ತವರಿಗೋ ಹೋಗಿಬರುತ್ತಾರೆ. ಒಂದೇ ಚಾಕಿ ಕೇಂದ್ರದಿಂದ ಒಟ್ಟಿಗೆ ತಂದ ಊರಿನ ಹುಳುಗಳೆಲ್ಲ ಹೆಚ್ಚುಕಡಿಮೆ ಒಟ್ಟಿಗೇ ಜ್ವರಕ್ಕೆ ಕೂರುತ್ತವೆ, ಒಟ್ಟಿಗೇ ಏಳುತ್ತವೆ. ನಾಲ್ಕನೆಯ, ಅಂದರೆ ಕೊನೆಯ ಜ್ವರ ಎದ್ದ ಮೇಲಂತೂ ಹುಳುವಿನ ಹಸಿವು ಹೇಳತೀರದು. ಆಗ ಸೊಪ್ಪು ಹಾಕುವುದೇ ಕೆಲಸ, ಕಿವಿಗೆ ಏನಾದರೂ ಬೇಕೇ ಬೇಕು. ಹಣ್ಣಾದ ದಿನ ಮತ್ತೆ ಯಾರಿಗೂ ಪುರುಸೊತ್ತಿಲ್ಲ.

ನನ್ನ ಸೋಮವಾರ ಹುಳುವಿಗೆ ತಿಳಿಯುವಂತಿರಲಿಲ್ಲ. ಆ್ಯಪಿನಲ್ಲಿ ಸೋಮವಾರವನ್ನೇ ಉಳಿಸಿಕೊಂಡೆ, ಅಷ್ಟನ್ನು ಬಿಡಲು ಮನಸ್ಸು ಬರಲಿಲ್ಲ. ವಾಟ್ಸಾಪಿನಲ್ಲಿ ಮಾತ್ರ ಊರೂರಿನ ಗುಂಪಿಗೆ ಅಲ್ಲಲ್ಲಿಯ ಹುಳು ಜ್ವರ ಎದ್ದ ದಿನವೇ ಕಳಿಸತೊಡಗಿದೆ. ಮಾಂಬಳ್ಳಿಗೆ ಒಂದು ದಿನ, ಮುಳ್ಳೂರಿಗೆ ಒಂದು ದಿನ, ಹನೂರಿನ ಕಡೆಗೆ ಇನ್ನೊಂದು ದಿನ. ಹುಳು ಎದ್ದವೇ ಎಂದು ಬೆಳಿಗ್ಗೆ ಬೆಳಿಗ್ಗೆ ಫೋನು ಮಾಡಿ ವಿಚಾರಿಸುವ ಕೆಲಸ ನಿವೃತ್ತಿಯ ಮೇಲೂ ನನಗೆ ಬಂತು.

ಉತ್ತರಗಳು ಮಾತಿನಲ್ಲೇ ಬರತೊಡಗಿದವು. ಹನೂರಿನಾಚೆಯ ಒಬ್ಬಾಕೆಯ ಕನ್ನಡದಲ್ಲಿ ಅರ್ಧ ತಮಿಳಿತ್ತು, ಅತ್ತೆಯನ್ನು ಮಾಮಿ ಎನ್ನುತ್ತಿದ್ದರು: "ಅಕ್ಕಾ, ನಮ್ಮ ಮನೇಗೂ ಅದೇ ಕಥೆ ಅಕ್ಕಾ. ನೆಂಟ್ರು ಬಂದ್ರೆ ನಮ್ಮ ಮಾಮಿ ನನ್ನೇ ನೋಡ್ತಾರೆ. ನಾನು ಹುಳಾನೇ ನೋಡ್ತೀನಿ. ಪರವಾಯಿಲ್ಲಕ್ಕಾ, ನೀವು ಮಾತಾಡಿ, ನಾನು ಕೇಳ್ತಾ ಇರ್ತೀನಿ." ತಂಗಿ ಅದನ್ನು ಕೇಳಿ, ಇನ್ನೊಮ್ಮೆ ಹಾಕಿಸಿ ಕೇಳಿದಳು. ಮುಂದಿನ ಸಂಚಿಕೆಯ ಆರಂಭದಲ್ಲಿ ಆ ಧ್ವನಿಯನ್ನೂ ಸೇರಿಸಿ ಉತ್ತರ ಕೊಟ್ಟಳು. ತಮ್ಮ ಧ್ವನಿ ಇದೆ ಎಂದ ಕೂಡಲೇ ಆಕೆ ತಮ್ಮ ಬಳಗಕ್ಕೆಲ್ಲ ಅದನ್ನು ಹಂಚಿದರು. ಕಾರ್ಯಕ್ರಮ ಬೆಳೆಯಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಇನ್ನೂ ಸಿಕ್ಕಿಲ್ಲ.

ಲೆಕ್ಕ ಮಾತ್ರ ಇರಲಿಲ್ಲ. ಮೋಡ ಕಟ್ಟಿತ್ತು.

ಒಂದು ಮಧ್ಯಾಹ್ನ ಭಾವ ಗೂಡು ಮಾರಿ ಮನೆಗೆ ಬಂದರು. ನಾನೂ ಅಲ್ಲಿದ್ದೆ. ಟವಲು ಕೊಡವಿ, ನೀರು ಕುಡಿದು, ಹೆಂಡತಿಯನ್ನು ದಿಟ್ಟಿಸಿದರು.

"ಏನಮ್ಮಿ, ಪಾಯ್ಸ ಗೀಯ್ಸ ಅಂತ ಕಿವೀಲಿ ಏಳ್ದೋನು ಯಾರು?"

ತಂಗಿ ಖಾಲಿ ಲೋಟ ತೆಗೆದುಕೊಂಡಳು.

"ಮಾರ್ಕೆಟ್ಟಲ್ಲಿ ಗೂಡ್ ಸುರ್ದು ಕುಂತಿವ್ನಿ. ಪಕ್ಕದಲ್ಲಿ ಅನೂರ್ ಕಡೆಯೋರು ಗಂಡ ಎಂಡ್ರು ಫೋನ್ ಆಕಂಡ್ ನಗ್ತಾ ಅವ್ರೆ. ಏನಪ್ಪ ಅಂತ ಕಿವಿ ಕೊಟ್ರೆ ಇವ್ಳ ಮಾತು! ನನ್ ಮಾನ ಅಲ್ಲಿ ಅರಾಜಾಯ್ತಾ ಅದೆ!"

"ಹೆಸರು ಹೇಳಿಲ್ಲವಲ್ಲ ಭಾವ," ಎಂದೆ.

"ಎಸ್ರು ಯಾಕ್ ಬೇಕು? ಆ ಯಮ್ಮ ಏಳ್ತಾಳೆ, ಆ ಗಂಡ ಅನ್ನೋನು ನಮ್ಮೋರಂಗೇ ಅವ್ನೆ ಅಂತ. ನಾನೂ ಊ ಅಂದೆ, ಅವ್ನೊಬ್ಬ ಬ್ಯಾವಾರ್ಸಿ ಇರ್ಬೇಕು ಅಂದೆ."

ನಾವಿಬ್ಬರೂ ನಗು ತಡೆಯಲಾರದೆ ಕೂತೆವು. ಅವರು ಎದ್ದು ಹಿತ್ತಲಿಗೆ ಹೋಗುತ್ತ, ತಿರುಗದೆಯೇ ಹೇಳಿದರು: "ಕೋಣೆ ಮಡಿಕೋ ಬುಡು. ಮಾತು ಅಂದ್ರೆ ಮಾತು."

ಅದಾದ ಕೆಲವೇ ದಿನಕ್ಕೆ ಮಳೆ ಹಿಡಿಯಿತು. ಭಾವ ಕೊಟ್ಟ ಮಾತಿಗೆ ತಪ್ಪಲಿಲ್ಲ. ತೋಟದಿಂದ ತಂದ ಒದ್ದೆ ಸೊಪ್ಪನ್ನು ಜಗಲಿಯಲ್ಲಿ ರಾಶಿ ಹಾಕಿದರು, ನಡುಮನೆಯಲ್ಲಿ ಹಾಕಿದರು, ಮಂಚದ ಕೆಳಗೂ ಹರಡಿದರು. ಒತ್ತಾಗಿ ಬಿದ್ದ ಸೊಪ್ಪು ಒಳಗೊಳಗೇ ಬಿಸಿಯೇರುತ್ತದೆ, ಅದನ್ನು ತಿಂದ ಹುಳು ಉಳಿಯುವುದಿಲ್ಲ. ತಂಗಿ ರಾಶಿಯೊಳಗೆ ಕೈ ತೂರಿಸಿ ನೋಡಿ ಹೊರತೆಗೆದಳು. ಮುಖ ಚಿಕ್ಕದಾಯಿತು. ನೇರ ಹೋಗಿ ಚಾಕಿ ಕೋಣೆಯ ಕಂಬಳಿಗಳನ್ನು ತಾನೇ ಇಳಿಸತೊಡಗಿದಳು.

"ಬ್ಯಾಡ ಕನಮ್ಮಿ, ನಾನೇನಾರ ಮಾಡ್ತೀನಿ," ಎಂದರು ಭಾವ.

"ಏನ್ ಮಾಡೀರಿ, ತಲೆ ಮೇಲ್ ಒತ್ಕಂಡ್ ನಿಂತ್ಕಂಡೀರಾ? ಉಳ ಓದ್ರೆ ನಾನ್ ಯಾವ್ ಕತೆ ಏಳ್ಲಿ?"

ಸಂಜೆಗೆ ಕೋಣೆಯ ತುಂಬ ತಟ್ಟೆಗಳ ಮೇಲೆ ತೆಳ್ಳಗೆ ಹರಡಿದ ಸೊಪ್ಪು ಇತ್ತು. ನಾನು ಮೈಕನ್ನು ಪೆಟ್ಟಿಗೆಯಲ್ಲಿಟ್ಟು ಅವಳ ಕೈಗೆ ಕೊಟ್ಟೆ. ಕೊಳ್ಳೇಗಾಲದ ನನ್ನ ಮನೆಯಲ್ಲಿ ಒಂದು ರೂಮು ಇದೆ, ವಾರಕ್ಕೊಮ್ಮೆ ಬಾ ಎಂದೆ. ನಾಲ್ಕು ಹೊತ್ತು ಸೊಪ್ಪು ಹಾಕುವವಳು ಹೇಗೆ ಬಂದಾಳು? ಇಬ್ಬರಿಗೂ ಅದು ಗೊತ್ತಿತ್ತು. ಬಸ್ಸಿನಲ್ಲಿ ಹಿಂತಿರುಗುವಾಗ ಕಾರ್ಯಕ್ರಮ ಇಲ್ಲಿಗೆ ಮುಗಿಯಿತೆಂದೇ ಎಣಿಸಿದ್ದೆ. ಕೇಳುಗರಿಗೆ ಏನು ಹೇಳುವುದೆಂದು ಎರಡು ಸಾಲು ಬರೆದೂ ಇಟ್ಟುಕೊಂಡೆ.

ಆ ವಾರವೇ ಅವಳಿಂದ ಒಂದು ಧ್ವನಿ ಬಂತು. ನಾನು ಹೇಳಿರಲಿಲ್ಲ, ಕೇಳಿರಲಿಲ್ಲ. ತೆರೆದರೆ ಅವಳ ಮಾತಿನ ಹಿಂದೆ ಸಣ್ಣ ಮಳೆ ಹಿಡಿದಂತೆ ಬಿಡದ ಸದ್ದು. ನಾಲ್ಕನೆಯ ಜ್ವರ ಎದ್ದ ಹುಳು ಸೊಪ್ಪು ಮೇಯುವ ಸದ್ದು ಅದು, ನನಗೆ ಬೇರೆ ಹೇಳಬೇಕಾಗಿರಲಿಲ್ಲ. ಶೆಡ್ಡಿನಲ್ಲಿ ಸೊಪ್ಪು ಹಾಕುತ್ತಲೇ ಮಾತಾಡಿದ್ದಳು. ಹಿಂದಿನ ಸದ್ದು ತೆಗೆಯುವ ಗುಂಡಿಯನ್ನು ಒತ್ತಿದೆ. ಮಳೆ ಹೋಯಿತು, ಜೊತೆಗೆ ತಂಗಿಯ ಧ್ವನಿಯ ಜೀವವೂ ಹೋಗಿ ಡಬ್ಬದೊಳಗಿಂದ ಮಾತಾಡಿದಂತಾಯಿತು. ಮತ್ತೆ ಮೊದಲಿನಂತೆಯೇ ಮಾಡಿ ಕಳಿಸಿದೆ. ಸೊಪ್ಪು ಹಾಕುತ್ತಿರುವವರ ಕಿವಿಗೆ ಸೊಪ್ಪು ಹಾಕುತ್ತಿರುವವಳ ಮಾತು. ಅವರವರ ಶೆಡ್ಡಿನಲ್ಲೂ ಅದೇ ಸದ್ದಿರುವುದರಿಂದ ಯಾರಿಗೂ ಅಡ್ಡಿಯಾಗಲಿಲ್ಲ.

ಮುಂದಿನ ಸಲ ಮಾಂಬಳ್ಳಿಗೆ ಹೋದಾಗ ನೇರ ತೋಟಕ್ಕೆ ನಡೆದೆ. ಹೊರಗಿನವರು ಹುಳುಮನೆಯೊಳಗೆ ಕಾಲಿಡಬಾರದು ಎಂದು ಊರೂರು ಸಾರಿದವನು ನಾನೇ ಆದ್ದರಿಂದ ಬಾಗಿಲ ಪರದೆಯ ಹೊರಗೇ ನಿಂತೆ. ಒಳಗೆ ಕಡ್ಡಿ ಸಮೇತ ಕೊಯ್ದ ಸೊಪ್ಪಿನ ಹೊರೆ ಹೊತ್ತು ಭಾವ ಹಿಂದೆ, ಅದನ್ನು ಹಾಸುತ್ತ ತಂಗಿ ಮುಂದೆ. ಪ್ಲಾಸ್ಟಿಕ್ ಕವರಿನಲ್ಲಿಟ್ಟ ಫೋನು ಸೊಂಟದಲ್ಲಿ, ಮೈಕು ರವಿಕೆಯ ಅಂಚಿನಲ್ಲಿ. ಅವಳೇನೋ ಹೇಳುತ್ತಿದ್ದಳು, ಭಾವ "ಅಂಗಲ್ಲ ಕನ, ಅದು ಆಗಿದ್ದು ಯುಗಾದಿ ಮುಂಚೆ," ಎಂದು ಅಡ್ಡ ಬಂದರು. "ನೀವ್ ಸುಮ್ನೆ ಸೊಪ್ಪ್ ಕೊಡಿ, ಕತೆ ನಂದು," ಎಂದಳು. ಅವರು ಸುಮ್ಮನೆ ಸೊಪ್ಪು ಕೊಟ್ಟರು. ಆ ಕಥೆ ಮುಗಿದು ಅವಳು ಇನ್ನೊಂದಕ್ಕೆ ತೊಡಗುವ ತನಕ ಹೊರೆ ಹೊತ್ತೇ ನಿಂತಿದ್ದರು.

ನಾನು ತಂದಿದ್ದ ಸಲಹೆಗಳನ್ನು ಹೇಳೋಣವೆಂದು ಪರದೆಯನ್ನು ಬೆರಳಿನಿಂದ ತಟ್ಟಿದೆ. ಭಾವ ತುಟಿಗೆ ಬೆರಳಿಟ್ಟು ಬಾಗಿಲ ಬಳಿ ಬಂದರು. "ಬಾವ, ರೆಕಾಡಾಯ್ತಾ ಅದೆ," ಎಂದು ಪಿಸುಗುಟ್ಟಿದರು. "ಓಗಿ ಜಗ್ಲಿ ಮೇಲ್ ಕುಂತ್ಕಳಿ. ಮುಗುದ್ ಮೇಲೆ ಕಾಪಿ ಕುಡ್ಯಾಣ." ಅಷ್ಟರಲ್ಲಿ, ಶುಚಿಗೆಂದು ಶೆಡ್ಡಿನಲ್ಲಿ ಎರಚಿದ್ದ ಸುಣ್ಣದ ಧೂಳು ಮೂಗಿಗೆ ಹೋಗಿ ಶೆಡ್ಡು ನಡುಗುವಂತೆ ಸೀನಿದರು.

ಸೀನನ್ನು ಕತ್ತರಿಸಲು ಜಗಲಿಯಲ್ಲಿ ಕೂತು ತಯಾರಾಗಿದ್ದೆ. ತಂಗಿ ಕೈ ತೊಳೆದು ಬಂದವಳು, "ಅದ ಇರ್ಲಿ ಬುಡಣ್ಣ," ಎಂದಳು. ಇರಲಿ ಎಂದು ಬಿಟ್ಟೆ. ಆ ದಿನ ಹನೂರಿನ ಕಡೆ ಹುಳು ಜ್ವರದಿಂದ ಎದ್ದಿದ್ದವು, ಮೊದಲು ಅಲ್ಲಿಗೇ ಕಳಿಸಿದೆ. ಕಾಫಿ ಆರುವ ಮೊದಲೇ ಉತ್ತರ ಬಂತು: "ಅಕ್ಕಾ, ಅದು ಸೀನಿದ್ದು ಯಾರು, ನಿಮ್ಮನೆಯವ್ರಾ? ಚೆನ್ನಾಗಿರ್ಲಿ ಅಂತ ಹೇಳಿ ಅಕ್ಕಾ."